ಇಷ್ಟು ವರ್ಷದ ಅನುಭವ ಹೊಳೆಯಲ್ಲಿ ತೊಳೆದ ಹುಣಸೆಹಣ್ಣಾ?

ಪ್ರಶ್ನೆ: ನನಗೀಗ 38 ವರ್ಷ. 13 ವರ್ಷದಿಂದ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಡೇಟಾ ಅನಾಲಿಸಿಸ್ ಕಡೆ ಹೋಗಬೇಕು ಅಂತ ಆಸೆ. ಆದರೆ ಈಗ ಕ್ಷೇತ್ರ ಬದಲಿಸಿದರೆ ಇಷ್ಟು ವರ್ಷದ ಅನುಭವವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗಲ್ವಾ? ಮತ್ತೆ ಸೊನ್ನೆಯಿಂದ ಶುರು ಮಾಡಬೇಕಲ್ವಾ?

ಉತ್ತರ: ಆಗಲ್ಲ. ಬೇಕಿಲ್ಲ.

ಇಷ್ಟಕ್ಕೇ ಬಿಟ್ಟರೆ ಮುಂದಿನ ವಾರ ಇದೇ ಪ್ರಶ್ನೆ ಇನ್ನೊಬ್ಬರಿಂದ ಬರುತ್ತದೆ. 38ರ ಜಾಗದಲ್ಲಿ 46 ಇರುತ್ತದೆ, ಇಲ್ಲವೇ 29. ಅಕೌಂಟ್ಸ್ ಜಾಗದಲ್ಲಿ ಟೀಚಿಂಗ್, ನರ್ಸಿಂಗ್, ಸೇಲ್ಸ್. ಸೊನ್ನೆ ಮಾತ್ರ ಎಲ್ಲರ ಪತ್ರದಲ್ಲೂ ಇರುತ್ತದೆ. 29ಕ್ಕೇ ಈ ಭಯ ಅಂದರೆ ಏನು ಹೇಳೋಣ!

ಉಳಿದ ಚಿಂತೆಗಳನ್ನು ಬೇಗ ಮುಗಿಸುತ್ತೇನೆ. ಸಂಬಳ ಕಡಿಮೆ ಆಗುತ್ತಾ? ಆಗಬಹುದು. ಆರು ತಿಂಗಳ ಮನೆಖರ್ಚು ಕೈಯಲ್ಲಿಟ್ಟುಕೊಂಡೇ ಹೊರಡಿ, ಸಾಲದ ಕಂತು ಇದ್ದರೆ ಇನ್ನೂ ಜಾಸ್ತಿ. ಈ ವಯಸ್ಸಿನಲ್ಲಿ ಹೊಸದು ತಲೆಗೆ ಹತ್ತುತ್ತಾ? ಲಂಡನ್ನಿನಲ್ಲಿ ಟ್ಯಾಕ್ಸಿ ಲೈಸೆನ್ಸ್ ಬೇಕೆಂದರೆ ಸುಮಾರು 25,000 ಬೀದಿಗಳು ಬಾಯಿಪಾಠ ಆಗಬೇಕು. ಅದಕ್ಕೆ ಮೂರ್ನಾಲ್ಕು ವರ್ಷ ಓದುವವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಪಾಸಾದವರಲ್ಲಿ, ದಾರಿ ನೆನಪಿಡಲು ನೆರವಾಗುವ ಹಿಪೊಕ್ಯಾಂಪಸ್ಸಿನ ಹಿಂಭಾಗ ಬೆಳೆದಿತ್ತು. ಅವರು ಯಾರೂ ಶಾಲೆಯ ಮಕ್ಕಳಲ್ಲ.

ಈಗ ಆ ಸೊನ್ನೆಗೆ ಬರೋಣ. ಇದರೊಳಗೆ ಎರಡು ತಪ್ಪು ಲೆಕ್ಕ ಸೇರಿಕೊಂಡಿವೆ. ಅಕೌಂಟ್ಸ್‌ನವರು ನಾನು ಹೇಳುವ ಮೊದಲೇ ಹಿಡಿಯಬೇಕಿತ್ತು.

ಮೊದಲನೆಯದು, ಕಳೆದ ವರ್ಷಗಳನ್ನು ಮುಂದಿನ ಖರ್ಚಿನ ಪಟ್ಟಿಗೆ ಸೇರಿಸುವುದು. ಆ 13 ವರ್ಷ ಖರ್ಚಾಗಿ ಹೋಗಿವೆ. ಈ ಕೆಲಸದಲ್ಲೇ ಇದ್ದರೂ ವಾಪಸ್ ಬರಲ್ಲ, ಬಿಟ್ಟರೂ ಬರಲ್ಲ. ಹಾಗಿದ್ದ ಮೇಲೆ ಇರಬೇಕೋ ಬಿಡಬೇಕೋ ಅನ್ನುವ ಲೆಕ್ಕದಲ್ಲಿ ಅವಕ್ಕೇನು ಕೆಲಸ? ಲೆಕ್ಕಕ್ಕೆ ಬರುವುದು ಮುಂದಿನ ಇಪ್ಪತ್ತು ವರ್ಷ. ಇದು ಗೊತ್ತಿರುವವರೂ ಇದರಲ್ಲಿ ಬೀಳುತ್ತಾರೆ. ಹಾಲ್ ಆರ್ಕೆಸ್ ಮತ್ತು ಕ್ಯಾಥರೀನ್ ಬ್ಲೂಮರ್ ಅನ್ನುವ ಸಂಶೋಧಕರು 1985ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಾಟಕಗಳ ಸೀಸನ್ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆ, ಕೆಲವರಿಗೆ ರಿಯಾಯಿತಿ. ಯಾರಿಗೆ ಯಾವುದು ಅನ್ನೋದು ಬರೀ ಅದೃಷ್ಟ. ನಾಟಕಗಳು ಅವೇ. ಆದರೂ ಸೀಸನ್ನಿನ ಮೊದಲರ್ಧದಲ್ಲಿ ಪೂರ್ತಿ ದುಡ್ಡು ಕೊಟ್ಟವರೇ ಜಾಸ್ತಿ ನಾಟಕಕ್ಕೆ ಹೋದರು. ಕೊಟ್ಟ ದುಡ್ಡು ಅವರನ್ನು ಎಳೆದುಕೊಂಡು ಹೋಯಿತು. ಎರಡನೇ ಅರ್ಧದಲ್ಲಿ ಆ ವ್ಯತ್ಯಾಸ ಮಾಸಿಹೋಗಿತ್ತು. ಟಿಕೆಟ್ ಕೊಂಡವರನ್ನು ಕೆಲವೇ ತಿಂಗಳಲ್ಲಿ ಬಿಟ್ಟ ಈ ಭೂತ ನಮ್ಮನ್ನು ವರ್ಷಗಟ್ಟಲೆ ಬಿಡಲ್ಲ. ಯಾಕಂದರೆ ಟಿಕೆಟ್ಟಿಗೆ ಒಮ್ಮೆ ಕೊಟ್ಟು ಮರೆಯಬಹುದು. ನಾವು ಪ್ರತಿ ವರ್ಷ ಇನ್ನೊಂದು ವರ್ಷ ಸುರಿಯುತ್ತಲೇ ಇರುತ್ತೇವೆ.

ಎರಡನೆಯ ತಪ್ಪು ಇನ್ನೂ ಹಟಮಾರಿ: ಹುದ್ದೆಯ ಹೆಸರನ್ನೇ ಕೆಲಸ ಅಂದುಕೊಳ್ಳುವುದು. ಒಂದು ಹಾಳೆ ತೆಗೆದುಕೊಳ್ಳಿ. ಹೋದ ವಾರ ನಿಜವಾಗಿ ಏನೇನು ಮಾಡಿದಿರಿ, ಬರೆಯಿರಿ. ಎರಡು ಲೆಡ್ಜರ್ ತಾಳೆಯಾಗದಾಗ ತಪ್ಪು ಎಲ್ಲಿದೆ ಅಂತ ಹುಡುಕಿದಿರಿ. ಎಕ್ಸೆಲ್‌ನಲ್ಲಿದ್ದ ಸಾವಿರಾರು ಸಾಲುಗಳನ್ನು ಮ್ಯಾನೇಜರ್‌ಗೆ ಅರ್ಥವಾಗುವಂತೆ ಒಂದು ಪುಟಕ್ಕೆ ಇಳಿಸಿದಿರಿ. ಬಿಲ್ ಕೊಡದವರ ಬೆನ್ನು ಬಿದ್ದಿರಿ. ಇದರಲ್ಲಿ ಡೇಟಾ ಅನಾಲಿಸ್ಟ್ ಮಾಡದ ಕೆಲಸ ಯಾವುದು, ಹೇಳಿ? ಅವರು ಡೇಟಾಬೇಸ್‌ನಿಂದ ಬೇಕಾದ ಮಾಹಿತಿ ತೆಗೆಯಲು ಎಸ್‌ಕ್ಯೂಎಲ್ ಅನ್ನುವ ಭಾಷೆ ಬಳಸುತ್ತಾರೆ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಳಸುತ್ತಾರೆ. ಅದನ್ನು ಕಲಿಯಬೇಕು, ಒಪ್ಪಿದೆ. ಎಸ್‌ಕ್ಯೂಎಲ್‌ನ ಮೂಲ ಪಾಠ ಕೆಲವು ವಾರಗಳ ಮಾತು. ಆದರೆ ಒಂದು ಸಂಖ್ಯೆ ಕಂಡ ಕೂಡಲೇ 'ಇದ್ಯಾಕೋ ಸರಿಯಿಲ್ಲ' ಅಂತ ಹೊಳೆಯುತ್ತದಲ್ಲ, ಅದನ್ನು ಯಾವ ಕೋರ್ಸೂ ಕೊಡಲ್ಲ. ಅದಕ್ಕೆ ವರ್ಷಗಳೇ ಬೇಕು. ನೀವು ವ್ಯರ್ಥ ಅನ್ನುತ್ತಿರುವುದು ಆ ವರ್ಷಗಳನ್ನೇ.

ಎಲ್ಲವೂ ಜೊತೆಗೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಆಫೀಸಿನೊಳಗಿನ ಗುರುತು ಪರಿಚಯ ಬರಲ್ಲ. ತೆರಿಗೆ ನಿಯಮಗಳಿಗೆ ಅಷ್ಟು ಕೆಲಸ ಇರಲ್ಲ. ಮುಖ್ಯವಾಗಿ ಸೀನಿಯಾರಿಟಿ ಬರಲ್ಲ. ಇಲ್ಲಿ ಹತ್ತು ಜನ ನಿಮ್ಮನ್ನು ಕೇಳಿ ಕೆಲಸ ಮಾಡುತ್ತಿದ್ದರು. ಅಲ್ಲಿ 26ರ ಹುಡುಗಿಯನ್ನು ಕೇಳಿ ನೀವು ಕೆಲಸ ಮಾಡಬೇಕು. ಜನ ಸೊನ್ನೆ ಅನ್ನುವುದು ಇದಕ್ಕೇ ಅಂತ ನನ್ನ ಅನುಮಾನ. ಅನುಭವ ಹೋಗುತ್ತದೆ ಅಂದರೆ ಕೇಳಲು ಗೌರವವಾಗಿರುತ್ತದೆ, ಕುರ್ಚಿ ಹೋಗುತ್ತದೆ ಅನ್ನಲು ನಾಚಿಕೆ. ನಾಚಿಕೆ ಯಾಕೆ? ಅದೂ ನಷ್ಟವೇ. ಒಂದೆರಡು ವರ್ಷ ಚಿಕ್ಕವರ ಕೈಕೆಳಗೆ ಇರಲು ನಿಮ್ಮಿಂದ ಆಗುತ್ತಾ ನೋಡಿಕೊಳ್ಳಿ. ಆಗಲ್ಲ ಅಂದರೆ ಇದ್ದಲ್ಲೇ ಇರಿ, ಅದರಲ್ಲೇನೂ ತಪ್ಪಿಲ್ಲ. ಅನುಭವದ ಮೇಲೆ ಮಾತ್ರ ಗೂಬೆ ಕೂರಿಸಬೇಡಿ.

ಯಾರೂ ಕೇಳದ ಪ್ರಶ್ನೆಯೊಂದಿದೆ, ನಾನೇ ಕೇಳಿಬಿಡುತ್ತೇನೆ. ಬೇಸರ ಬಂದಿರುವುದು ಕೆಲಸದ ಮೇಲೋ, ಬಾಸ್ ಮೇಲೋ? ಇದೇ ಕೆಲಸ, ಆದರೆ ಬೇರೆ ಆಫೀಸು, ಮನುಷ್ಯರ ಹಾಗೆ ಮಾತಾಡುವ ಮ್ಯಾನೇಜರ್, ಹೊತ್ತಿಗೆ ಸರಿಯಾಗಿ ಮನೆ. ಹೀಗೆ ಊಹಿಸಿಕೊಂಡಾಗಲೇ ಹಾಯೆನಿಸಿದರೆ ಪೈಥಾನ್ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಆಫೀಸು ಬದಲಿಸಿ ನೋಡಿ.

ಊಹಿಸಿಕೊಂಡರೂ ಬೇಸರ ಹೋಗದಿದ್ದರೆ? ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಹೀಗೆ ಗೊಂದಲದಲ್ಲಿದ್ದವರಿಗೆ ಆನ್‌ಲೈನ್‌ನಲ್ಲಿ ನಾಣ್ಯ ಚಿಮ್ಮುವ ವ್ಯವಸ್ಥೆ ಮಾಡಿದ್ದರು. 20,000ಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ಕೆಲಸ ಬಿಡುವಂಥ ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರು ಆರು ತಿಂಗಳ ನಂತರ, ಇದ್ದಲ್ಲೇ ಉಳಿದವರಿಗಿಂತ ಖುಷಿಯಾಗಿದ್ದರು. ಹಾಗಂತ ನಾಣ್ಯ ಹುಡುಕಬೇಡಿ. ಅಲ್ಲಿಗೆ ಬಂದವರು ಆಗಲೇ ಅರ್ಧ ಮನಸ್ಸು ಮಾಡಿದ್ದವರು, ಸುಮ್ನೆ ಕೂತಿದ್ದವರಲ್ಲ. ನೀವೂ ಹಾಗೇ ಅಲ್ವಾ?

ರಾಜೀನಾಮೆಗೆ ಮುಂಚೆ ಆ ಕೆಲಸದಲ್ಲಿರುವ ಇಬ್ಬರು ಮೂವರನ್ನು ಹಿಡಿದು ಮಾತಾಡಿಸಿ. ಚೆನ್ನಾಗಿರೋದು ಏನು ಅಂತ ಕೇಳಬೇಡಿ, ಅದು ಕೋರ್ಸಿನ ಜಾಹೀರಾತಿನಲ್ಲೇ ಇರುತ್ತದೆ. ಬೇಸರದ ದಿನ ಹೇಗಿರುತ್ತದೆ, ಕೇಳಿ. ಬೇರೆಯವರು ಅಡ್ಡಾದಿಡ್ಡಿ ತುಂಬಿದ ಕಾಲಂಗಳನ್ನು ಸರಿಮಾಡುವುದರಲ್ಲೇ ಅರ್ಧ ದಿನ ಹೋಗುತ್ತದೆ ಅಂತ ಗೊಣಗುತ್ತಾರೆ. ಅದು ನಿಮಗೇನು ಹೊಸದಲ್ಲ ಬಿಡಿ.