ಸ್ಟಾಪೇಜ್: ಪಿಸ್ತೂಲು ಕೈಕೊಡುವ ಲೆಕ್ಕ

‘ಈ ರೈಲಿಗೆ ಕೆಂಗೇರಿಯಲ್ಲಿ ಸ್ಟಾಪೇಜ್ ಇಲ್ಲ’ ಎಂದು ಯಾರಾದರೂ ಹೇಳಿದರೆ ಬೆಂಗಳೂರಿನವರಿಗೆ ಬೇಜಾರು. ಪಿಸ್ತೂಲಿನ ಮಂದಿಗೆ ಉಲ್ಟಾ. ಸ್ಟಾಪೇಜ್ ಇಲ್ಲ ಅಂದರೆ ಅವರಿಗೆ ಖುಷಿ.

ಗುಂಡು ಹಾರಿಸುತ್ತಿರುವಾಗ ಪಿಸ್ತೂಲು ತಾನಾಗಿ ಮಾಡಬೇಕಾದ ಕೆಲಸ ಅರ್ಧಕ್ಕೆ ನಿಂತು, ನಾವೇ ಕೈಹಾಕಿ ಸರಿಮಾಡಬೇಕಾಗಿ ಬಂದರೆ ಅದು ಸ್ಟಾಪೇಜ್. ಮಾತಿನಲ್ಲಿ ‘ಜಾಮ್ ಆಯ್ತು’ ಅನ್ನುತ್ತೇವೆ.

ಈ ‘ತಾನಾಗಿ’ ಎನ್ನುವುದರಲ್ಲೇ ಎಲ್ಲ ತೊಂದರೆ ಇರುವುದು. ರಿವಾಲ್ವರ್‌ನಲ್ಲಿ ಮುಂದಿನ ತೋಟಾವನ್ನು ತಿರುಗಿಸಿ ಎದುರಿಗೆ ತರುವುದು ನಮ್ಮ ಬೆರಳಿನ ಬಲ. ಒಂದು ತೋಟಾ ಠುಸ್ ಆದರೂ ಟ್ರಿಗರ್ ಇನ್ನೊಮ್ಮೆ ಎಳೆದರಾಯಿತು. ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಹಾಗಲ್ಲ. ಒಂದು ಎಳೆತಕ್ಕೆ ಒಂದೇ ಗುಂಡು, ನಿಜ. ಆದರೆ ಆ ಗುಂಡಿನ ಒದೆತದಲ್ಲೇ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದಕ್ಕೆ ಹೋಗಬೇಕು, ಖಾಲಿ ಕೇಸ್ (ಹಾರಿಸಿದ ತೋಟಾದ ಚಿಪ್ಪು) ಎಳೆದು ಹೊರಗೆ ಎಸೆಯಬೇಕು, ಸ್ಪ್ರಿಂಗ್ ಸ್ಲೈಡನ್ನು ವಾಪಸ್ ತಳ್ಳಬೇಕು, ತೋಟಾ ತುಂಬಿಡುವ ಮ್ಯಾಗಜಿನ್‌ನಿಂದ ಹೊಸ ತೋಟಾ ಮೇಲೇರಿ ನಳಿಕೆಗೆ ಸೇರಬೇಕು. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಬೇಕು. ಎಲ್ಲಾದರೂ ಒಂದು ಕಡೆ ಎಡವಿತೋ, ಸ್ಟಾಪೇಜ್.

ಎಡವುವುದಕ್ಕೂ ಬಗೆಬಗೆ ಹೆಸರಿದೆ. ಖಾಲಿ ಕೇಸ್ ಸ್ಲೈಡಿನ ಬಾಯಲ್ಲಿ ಸಿಕ್ಕಿ ಹೊಗೆ ಕೊಳವೆಯ ಹಾಗೆ ನಿಂತರೆ ಸ್ಟೋವ್‌ಪೈಪ್. ಎರಡು ತೋಟಾ ಒಟ್ಟಿಗೆ ನುಗ್ಗಿದರೆ ಡಬಲ್ ಫೀಡ್. ನಮ್ಮ ದೇಶದಲ್ಲಿ ಹೆಚ್ಚು ತಿಳಿದಿರಬೇಕಾದದ್ದು ರಿಮ್ ಲಾಕ್. 9 ಎಂಎಂ ಇಲ್ಲಿ ಸಾಮಾನ್ಯರಿಗೆ ನಿಷಿದ್ಧ ಬೋರ್ (ನಳಿಕೆಯ ಅಳತೆ). ಹಾಗಾಗಿ ಲೈಸೆನ್ಸ್ ಇದ್ದವರ ಪಿಸ್ತೂಲು ಹೆಚ್ಚಾಗಿ .32. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ ಈ ಹಳೆಯ ತೋಟಾದ ಬುಡದ ಅಂಚು ಮೈಗಿಂತ ಒಂದಿಷ್ಟೇ ಅಗಲ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಜಾರಿತು ಅಂದರೆ ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಕೂತುಬಿಡುತ್ತವೆ. ಉದ್ದ ಕಡಿಮೆ ಇರುವ ತೋಟಾ ಹಾಕಿದರೆ ಮ್ಯಾಗಜಿನ್‌ನಲ್ಲಿ ಜಾಗ ಉಳಿದು ಇದು ಜಾಸ್ತಿ. ಪಿಸ್ತೂಲಿನ ತಪ್ಪೇನೂ ಇಲ್ಲ, ಆದರೂ ಬೈಸಿಕೊಳ್ಳುವುದು ಪಿಸ್ತೂಲೇ.

ಜಯನಗರದಲ್ಲಿರುವ ನಮ್ಮ ಮಾವನ ಬಳಿ ಒಂದು .32 ಇದೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅದು ಬೀರುವಿನಿಂದ ಹೊರಬಂದು, ಕುಂಕುಮ ಹಚ್ಚಿಸಿಕೊಂಡು, ಕಾರು ಮಿಕ್ಸಿಗಳ ಜೊತೆ ಮಂಗಳಾರತಿ ತಗೊಂಡು ಒಳಗೆ ಹೋಗುತ್ತದೆ.

‘ಹದಿನೆಂಟು ವರ್ಷ ಆಯ್ತು ಕಣೋ, ಒಂದ್ಸಲವೂ ಕೈಕೊಟ್ಟಿಲ್ಲ’ ಎಂದರು ಹೋದ ಸಲ.

‘ಎಷ್ಟು ಗುಂಡು ಹೊಡೆದಿದ್ದೀರಿ ಮಾವ?’

‘ಹದಿಮೂರು.’

ಇಲ್ಲಿಂದ ಲೆಕ್ಕ ಶುರು. ಪಿಸ್ತೂಲಿನ ವಿಶ್ವಾಸಾರ್ಹತೆಯನ್ನು ವರ್ಷದಲ್ಲಿ ಅಳೆಯುವುದಿಲ್ಲ. ಎಷ್ಟು ಗುಂಡಿಗೆ ಒಂದು ಸ್ಟಾಪೇಜ್ ಎಂದು ಅಳೆಯುತ್ತಾರೆ. ಐದು ಗುಂಡಿಗೆ ಒಮ್ಮೆ ಕೈಕೊಡುವ ಕೆಟ್ಟ ಪಿಸ್ತೂಲು ಕೂಡ ಅದೃಷ್ಟ ಚೆನ್ನಾಗಿದ್ದರೆ ಹದಿಮೂರನ್ನು ಸಲೀಸಾಗಿ ಹಾರಿಸಬಹುದು. ನೂರಕ್ಕೆ ಐದಾರು ಸಲ ಹಾಗಾಗುತ್ತದೆ.

ಸಂಖ್ಯಾಶಾಸ್ತ್ರದಲ್ಲಿ ಒಂದು ಸುಲಭದ ಸೂತ್ರ ಇದೆ. ಒಂದೂ ತಪ್ಪಿಲ್ಲದೆ ಎಷ್ಟು ಸಲ ಕೆಲಸ ನಡೆಯಿತೋ ಆ ಸಂಖ್ಯೆಯನ್ನು ಮೂರರಿಂದ ಭಾಗಿಸಿ. 50 ಗುಂಡು ನಿರಾತಂಕವಾಗಿ ಹೋದರೆ ‘ಹದಿನಾರು ಹದಿನೇಳು ಗುಂಡಿಗೆ ಒಂದಕ್ಕಿಂತ ಕೆಟ್ಟದ್ದಲ್ಲ’ ಎಂದು ಧೈರ್ಯವಾಗಿ ಹೇಳಬಹುದು. ಅಷ್ಟೇ. 300 ಹೋದರೆ ನೂರಕ್ಕೆ ಒಂದು. ಎರಡು ಸಾವಿರಕ್ಕೆ ಒಂದು ಎಂದು ಹೇಳಬೇಕೆ? 6,000 ಹೊಡೆಯಬೇಕು.

1911ರಲ್ಲಿ ಅಮೆರಿಕದ ಸೇನೆ ಕೋಲ್ಟ್ ಮತ್ತು ಸ್ಯಾವೇಜ್ ಪಿಸ್ತೂಲುಗಳನ್ನು ಪರೀಕ್ಷಿಸಿದಾಗ ಒಂದೊಂದರಿಂದಲೂ ಹಾರಿಸಿದ್ದು ಸರಿಯಾಗಿ 6,000 ಗುಂಡು. ಸ್ಯಾವೇಜ್ 37 ಸಲ ತಕರಾರು ಮಾಡಿತು. ಕೋಲ್ಟ್ ಒಂದು ಸಲವೂ ಇಲ್ಲ. ಕೋಲ್ಟ್‌ನ ಆ ಪಿಸ್ತೂಲೂ ಬ್ರೌನಿಂಗ್ ಮಹಾಶಯರದ್ದೇ.

ನೂರು ವರ್ಷದ ನಂತರ ಅದೇ ಸೇನೆ ಸಿಗ್ ಸಾವರ್ ಕಂಪನಿಯ ಹೊಸ ಪಿಸ್ತೂಲು ಆರಿಸಿಕೊಂಡಿತು. ಅದರ ಅಂಗಡಿ ರೂಪ ಅಮೆರಿಕದಲ್ಲಿ ಮಧ್ಯಮ ಬೆಲೆಯ ಸಾಲಿಗೇ ಸೇರುತ್ತದೆ. ಸೇನೆ ಕೇಳಿದ್ದು 2,000 ಗುಂಡಿಗೆ ಒಂದು ಸ್ಟಾಪೇಜ್. ಪರೀಕ್ಷೆಯಲ್ಲಿ ಮಾಮೂಲಿ ತೋಟಾ ಹಾಕಿದಾಗ ಅದರ ಎರಡು ಮಾದರಿಗಳಲ್ಲಿ ದೊಡ್ಡದಕ್ಕೆ ಸಿಕ್ಕಿದ್ದು 343ಕ್ಕೆ ಒಂದು. ಛೇ, ಅನಿಸುತ್ತದೆ ಅಲ್ವಾ? ಆದರೆ ಅದರಲ್ಲಿ ಸುಮಾರು 60% ಒಂದೇ ತರಹದ್ದು: ಕೊನೆಯ ಗುಂಡು ಮುಗಿದ ಮೇಲೆ ಹಿಂದೆಯೇ ನಿಲ್ಲಬೇಕಾದ ಸ್ಲೈಡ್ ನಿಲ್ಲಲಿಲ್ಲ. ಯಾಕೆಂದರೆ ಹಿಡಿದವರ ಹೆಬ್ಬೆರಳು ಅದನ್ನು ತಡೆದು ನಿಲ್ಲಿಸುವ ಪುಟ್ಟ ಲಿವರ್ ಮೇಲೆ ಕೂತಿತ್ತು! ಇನ್ನೊಂದು ಬಗೆಯ ತೋಟಾ ಹಾಕಿದಾಗ ಅಂಕಿ ಇನ್ನೂ ಚೆನ್ನಾಗಿ ಬಂತು. ಹಾಗಾಗಿ ಸ್ಟಾಪೇಜ್ ಎಣಿಸುವಾಗ ನಾವು ಎಣಿಸುವುದು ಪಿಸ್ತೂಲನ್ನು ಮಾತ್ರ ಅಲ್ಲ. ಮ್ಯಾಗಜಿನ್, ತೋಟಾ, ಹಿಡಿದ ಕೈ ಎಲ್ಲವೂ ಆ ಅಂಕಿಯೊಳಗೆ ಇವೆ.

ಹಾಗಾದರೆ ದುಡ್ಡು ಜಾಸ್ತಿ ಕೊಟ್ಟರೆ ಏನು ಸಿಗುತ್ತದೆ? ಹೆಚ್ಚಾಗಿ ನುಣುಪು. ಒಳ್ಳೆಯ ಟ್ರಿಗರ್, ಒಳ್ಳೆಯ ಗುರಿಗಣ್ಣು, ಚೆಂದದ ಪಾಲಿಶ್. ಇದು ಗುಣಮಟ್ಟ, ಸುಳ್ಳಲ್ಲ. ಆದರೆ ಬಿಗಿಯಾಗಿ ಕೂಡಿಸಿದ ದುಬಾರಿ ಸ್ಪರ್ಧೆಯ ಪಿಸ್ತೂಲು ಸ್ವಲ್ಪ ಕೊಳೆಗೂ ಮುನಿಸಿಕೊಳ್ಳಬಹುದು. ಸ್ವಲ್ಪ ಸಡಿಲ ಬಿಟ್ಟು ಮಾಡಿದ ಸಾದಾ ಪಿಸ್ತೂಲು ಧೂಳು ನುಂಗಿಕೊಂಡು ಓಡಬಹುದು. ಮಧ್ಯಮ ಬೆಲೆಯವುಗಳಲ್ಲಿ ಹಲವು ಸಣ್ಣ ಭಾಗಗಳನ್ನು ಮಾಡುವುದು ಲೋಹದ ಪುಡಿಯನ್ನು ಅಚ್ಚಿಗೆ ಒತ್ತಿ, ಬಿಸಿಮಾಡಿ ಗಟ್ಟಿ ಮಾಡಿ. ‘ಅಯ್ಯೋ ಪುಡಿಯಿಂದ ಮಾಡಿದ್ದಾ’ ಎಂದು ಮೂಗು ಮುರಿಯುವವರಿದ್ದಾರೆ. ನನ್ನ ಪ್ರಕಾರ ಅದು ಸುಮ್ನೆ ಹೆದರಿಕೆ. ಚೆನ್ನಾಗಿ ಮಾಡಿದ್ದು ಬಾಳುತ್ತದೆ, ಕೆಟ್ಟದಾಗಿ ಮಾಡಿದ್ದು ಮುರಿಯುತ್ತದೆ. ಉಕ್ಕನ್ನು ಕಡೆದು ಮಾಡಿದರೂ ಇದೇ ಮಾತು.

ಬೆಂಗಳೂರಿನಲ್ಲಿ ಕಷ್ಟ ಬೇರೆಯದು. ಲೈಸೆನ್ಸ್ ಕೊಡುವುದು ಪೊಲೀಸ್ ಕಮಿಷನರ್. ಎಷ್ಟು ತೋಟಾ ಕೊಳ್ಳಬಹುದು ಎಂದೂ ಅದರಲ್ಲೇ ಬರೆದಿರುತ್ತದೆ. 6,000 ಹೊಡೆದು ಪರೀಕ್ಷಿಸುವ ಮಾತೇ ಇಲ್ಲ. ಹೊಸದು ಬೇಕೆಂದರೆ ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯ ‘ಅಶನಿ’ಯಂಥ ಕೆಲವೇ ಆಯ್ಕೆ. ಅಶನಿ ಅಂದರೆ ಸಿಡಿಲು, ಹೆಸರೇನೋ ಜೋರಾಗಿದೆ. ಖಾಸಗಿಯವರು ಹೊರದೇಶದಿಂದ ಪಿಸ್ತೂಲು ತರಿಸುವುದು 1980ರ ದಶಕದಲ್ಲೇ ನಿಂತಿತು. ಹಾಗಾಗಿ ಅಜ್ಜನ ಕಾಲದ ವಾಲ್ಥರ್, ಕೋಲ್ಟ್‌ಗಳು ಇಲ್ಲಿ ಹಲವು ಲಕ್ಷಕ್ಕೆ ಕೈ ಬದಲಾಯಿಸುತ್ತವೆ. ಆ ಬೆಲೆ ಅವು ಅಪರೂಪ ಎಂದು ಕೊಟ್ಟಿದ್ದು, ವಿಶ್ವಾಸಾರ್ಹತೆಗಲ್ಲ. ಹಳೆಯದನ್ನು ನೋಡಲು ಹೋದವರು ಹೊಳಪನ್ನು ಬಿಟ್ಟು ಮೊದಲು ಮ್ಯಾಗಜಿನ್ ನೋಡಬೇಕು. ಅದರ ತುಟಿ (ತೋಟಾವನ್ನು ಹಿಡಿದಿಡುವ ಮೇಲಿನ ಅಂಚು) ಬಗ್ಗಿದೆಯೇ, ಸ್ಪ್ರಿಂಗ್ ಸೋತಿದೆಯೇ? ಆಮೇಲೆ ಸ್ಲೈಡಿನ ಸ್ಪ್ರಿಂಗ್. ಆಮೇಲೆ ಖಾಲಿ ಕೇಸ್ ಎಳೆಯುವ ಕೊಕ್ಕೆಯ ಮೂಲೆ ಸವೆದಿದೆಯೇ ಎಂದು.

ಮಾವನಿಗೆ ಇಷ್ಟನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಹದಿನೆಂಟು ವರ್ಷದ ಹಿಂದೆ ತಂದ ತೋಟಾ ಡಬ್ಬಿ ಇನ್ನೂ ನಡೆಯುತ್ತೇನೋ?