ಟಾಂಗಾ ಕುದುರೆಯ ಎಳೆತ: ಲೆಕ್ಕ ಹಾಕೋದು ಹೇಗೆ

ಗಾಡಿಯ ಮೇಲೆ ಎಷ್ಟು ಕ್ವಿಂಟಲ್ ಹೇರಿದೆ ಅನ್ನೋದೊಂದರಿಂದಲೇ ಕುದುರೆಯ ಕಷ್ಟ ಗೊತ್ತಾಗುವುದಿಲ್ಲ. ನೋಡಬೇಕಾದ್ದು ಎಳೆತ, ಅಂದರೆ ಗಾಡಿ ಉರುಳುವಾಗ ಎಳೆಪಟ್ಟಿಗೆ (ಕುದುರೆಯ ಎದೆಪಟ್ಟಿಯನ್ನು ಗಾಡಿಗೆ ಜೋಡಿಸುವ ಪಟ್ಟಿಗೆ) ಬೀಳುವ ಜಗ್ಗು. ಎಳೆಪಟ್ಟಿಗೂ ಗಾಡಿಗೂ ನಡುವೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿದರೆ ಅದನ್ನು ಕಿಲೋದಲ್ಲೇ ಓದಬಹುದು.

ಮೊದಲು ಕುದುರೆಯ ತೂಕ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯ ತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ, ಎರಡನ್ನೂ ಸೆಂ.ಮೀ.ನಲ್ಲಿ ಅಳೆಯಿರಿ. ಸುತ್ತಳತೆ × ಸುತ್ತಳತೆ × ಉದ್ದ ÷ 11,880. ಸುತ್ತಳತೆ 155, ಉದ್ದ 145 ಇದ್ದರೆ ಸುಮಾರು 293 ಕೆ.ಜಿ. ಗಂಟೆಗಟ್ಟಲೆ ದುಡಿಯುವಾಗ ತೂಕದ ಹತ್ತನೇ ಒಂದು ಪಾಲು ಎಳೆತವೇ ಹದ: ಇಲ್ಲಿ 29 ಕೆ.ಜಿ.

ಗಾಡಿ, ಜನ ಸೇರಿ 500 ಕೆ.ಜಿ. ಅಂತಿಟ್ಟುಕೊಳ್ಳಿ. ಬಳ್ಳಾರಿಯ ಸಮತಟ್ಟು ಡಾಂಬರು ರಸ್ತೆಯಲ್ಲಿ ಎಳೆತ ಹೆಚ್ಚುಕಡಿಮೆ ಭಾರದ 3%, ಅಂದರೆ 15 ಕೆ.ಜಿ. 30 ಅಡಿಗೆ 1 ಅಡಿ ಏರುವ ದಿಣ್ಣೆ ಬಂತೋ, ಇನ್ನೂ 17 ಸೇರಿ 32 ಆಗುತ್ತದೆ. ಕುದುರೆ ತನ್ನ ಮೈಯನ್ನೂ ಮೇಲಕ್ಕೆ ಒಯ್ಯಬೇಕು. ಅದಕ್ಕೆ ಬೇರೆ ಸುಮಾರು 10. ಸಿಂಧನೂರು ಕಡೆಯ ಎರೆಮಣ್ಣಿನ ದಾರಿ ಮಳೆಗೆ ನೆನೆದರಂತೂ 15%ಕ್ಕೂ ಮೇಲೆ, ಅಂದರೆ 75 ಕೆ.ಜಿ. ದಾಟುತ್ತದೆ. ಆ ಜಗ್ಗನ್ನು ಕುದುರೆ ಸ್ವಲ್ಪ ಹೊತ್ತು ತಡೆದೀತು, ಊರಿಂದೂರಿಗೆ ಅಲ್ಲ. ನಿಂತ ಗಾಡಿ ಕದಲಿಸುವಾಗಲೂ ಜಗ್ಗು ಜಾಸ್ತಿ. ಹಾಗಾಗಿ ಏರಿನ ನಡುವೆ ನಿಲ್ಲಿಸಬೇಡಿ.

ಇನ್ನು ವೇಗ. ಗಂಟೆಗೆ 4 ಕಿ.ಮೀ. ನಡಿಗೆಯಲ್ಲಿ 29 ಕೆ.ಜಿ. ಎಳೆದರೆ ಸುಮಾರು 315 ವ್ಯಾಟ್. ಅದೇ ಕುದುರೆಯನ್ನು 11 ಕಿ.ಮೀ. ವೇಗದಲ್ಲಿ ಓಡಿಸಿದರೆ ಬರೀ 15 ಕೆ.ಜಿ.ಗೇ 450 ವ್ಯಾಟ್! ಎಳೆತ ಅರ್ಧ ಆದರೂ ದುಡಿಮೆ ಒಂದೂವರೆ ಪಟ್ಟು ಹತ್ತಿರ. ಖಾಲಿ ಗಾಡಿ ಅಂತ ದಿನವಿಡೀ ಓಡಿಸುವವರು ಇದನ್ನು ಮನಸ್ಸಿಗೆ ತಂದುಕೊಳ್ಳಲೇಬೇಕು. ಒಂದು ಅಶ್ವಶಕ್ತಿ ಅಂದರೆ 746 ವ್ಯಾಟ್. ನಮ್ಮ ಸಣ್ಣ ಕುದುರೆಯಿಂದ ಅಷ್ಟನ್ನು ದಿನವಿಡೀ ಬಯಸುವುದು ತಪ್ಪು.

ಬಲ ಸೋರಿಹೋಗುವುದು ಹೆಚ್ಚಾಗಿ ಪಟ್ಟಿಗಳಲ್ಲಿ. ಎದೆಪಟ್ಟಿ ಮೇಲೆ ಸರಿದರೆ ಗಂಟಲನಾಳ ಅದುಮಿ ಉಸಿರು ಕಟ್ಟುತ್ತದೆ. ಕೆಳಗೆ ಇಳಿದರೆ ಭುಜದ ಕೀಲಿಗೆ ತಾಗಿ ಹೆಜ್ಜೆ ಗಿಡ್ಡವಾಗುತ್ತದೆ. ಭುಜದ ತುದಿಗಿಂತ ತುಸು ಮೇಲೆ ಕೂರಬೇಕು. ಜನರೆಲ್ಲ ಹಿಂದೆ ಕೂತರೆ ಮೂಕಿ (ಕುದುರೆಯ ಎರಡೂ ಪಕ್ಕಕ್ಕೆ ಬರುವ ಗಾಡಿಯ ಉದ್ದ ಕೋಲು) ಮೇಲೆದ್ದು ಹೊಟ್ಟೆಪಟ್ಟಿ ಬಿಗಿಯುತ್ತದೆ, ಮುಂದೆ ಕೂತರೆ ಭಾರವೆಲ್ಲ ಬೆನ್ನಿಗೆ. ಮೂಕಿ ಜೀನಿನ ಕುಣಿಕೆಯಲ್ಲಿ ಹಗುರಾಗಿ ತೇಲುವಂತೆ ಜನರನ್ನು ಸರಿಸಿ ಕೂರಿಸಿ.

ಬೇಸಿಗೆಯಲ್ಲಿ ಈ ಲೆಕ್ಕವೂ ಸಾಲದು. 1965ರ ಕೇಂದ್ರ ನಿಯಮದಂತೆ ದಿನಕ್ಕೆ ಒಟ್ಟು 9 ಗಂಟೆ, ಬಿಡುವಿಲ್ಲದೆ 5 ಗಂಟೆ ಮೀರುವಂತಿಲ್ಲ. 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತೆಯೇ ಇಲ್ಲ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೆಚ್ಚಿನವು ಅಂಥ ದಿನಗಳೇ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ನೀರಿನ ಜೊತೆ ಅದನ್ನೂ ಕೊಡಿ. ಪಟ್ಟಿ ಬಿಚ್ಚಿದ ಕೂಡಲೇ ಚರ್ಮ ನೋಡಿ: ಸುತ್ತ ಬೆವರಿದ್ದು ನಡುವೆ ಒಣ ಮಚ್ಚೆ ಕಂಡರೆ ಅಲ್ಲಿ ಒತ್ತಡ ಬಿದ್ದಿದೆ. ಗಾಯ ಆಗುವ ಮುಂಚೆ ಅಲ್ಲಿಯ ಮೆತ್ತೆ ಬದಲಿಸಿ.