ಮಿಕ್ಸಿಂಗ್ ಕನ್ಸೋಲಿನ ಎರಡು ಗಡಿಯಾರಗಳು

ಸಿನಿಮಾದ ಅಂತಿಮ ಧ್ವನಿ ಮಿಶ್ರಣ ನಡೆಯುವ ಕೋಣೆಗೆ ಮೊದಲ ಸಲ ಬಂದವರ ಕಣ್ಣು ಪರದೆಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಚಿತ್ರ ಓಡತೊಡಗಿದೊಡನೆ ಎದುರಿನ ಡಿಜಿಟಲ್ ಕನ್ಸೋಲಿನ (ಧ್ವನಿಗಳನ್ನು ಬೆರೆಸುವ ಮೇಜಿನ) ಫೇಡರುಗಳು, ಅಂದರೆ ಸದ್ದಿನ ಮಟ್ಟ ಹೊಂದಿಸುವ ಜಾರುಗುಂಡಿಗಳು, ಯಾರೂ ಮುಟ್ಟದೆಯೇ ಏರಿಳಿಯುತ್ತವೆ. ಮಳೆಯ ಸದ್ದು ತಗ್ಗಿ ಪಾತ್ರದ ಮಾತು ಮೇಲೆ ಬರುತ್ತದೆ. ನಿನ್ನೆ ಎಂಜಿನಿಯರ್ ಬೆರಳಿನಿಂದ ಮಾಡಿದ್ದನ್ನು ಯಂತ್ರ ಇಂದು ಅದೇ ಫ್ರೇಮಿನಲ್ಲಿ ಮತ್ತೆ ಮಾಡಬೇಕಾದರೆ, ಚಿತ್ರ ಈಗ ಎಲ್ಲಿದೆ ಎಂಬುದು ಅದಕ್ಕೆ ಕ್ಷಣಕ್ಷಣವೂ ತಿಳಿಯುತ್ತಿರಬೇಕು. ತಿಳಿಸುವ ಕೆಲಸ ಟೈಮ್‌ಕೋಡಿನದು.

ಟೈಮ್‌ಕೋಡ್ ಪ್ರತಿ ಫ್ರೇಮಿಗೂ ಒಂದು ವಿಳಾಸ ಕೊಡುತ್ತದೆ: 01:12:40:07 ಎಂದರೆ ಗಂಟೆ, ನಿಮಿಷ, ಸೆಕೆಂಡು ಮತ್ತು ಫ್ರೇಮ್. ವಿಡಿಯೊ ಟೇಪಿನ ಸಂಕಲನಕ್ಕೆಂದು ಅಮೆರಿಕದಲ್ಲಿ ರೂಪುಗೊಂಡು 1970ರ ದಶಕದಲ್ಲಿ ಸಿನಿಮಾ ಮತ್ತು ಟಿವಿ ಎಂಜಿನಿಯರುಗಳ ಎಸ್‌ಎಂಪಿಟಿಇ ಸಂಸ್ಥೆಯ ಮಾನಕವಾದ ಈ ಪದ್ಧತಿಯ ಹಳೆಯ ರೂಪವೇ ಎಲ್‌ಟಿಸಿ (ಲಿನಿಯರ್ ಟೈಮ್‌ಕೋಡ್). ಅದು ನಿಜವಾಗಿ ಒಂದು ಸದ್ದು. ಒಂದು ಫ್ರೇಮಿಗೆ 80 ಬಿಟ್. ಸೆಕೆಂಡಿಗೆ 25 ಫ್ರೇಮ್ ಇದ್ದರೆ 2000 ಬಿಟ್. ಸೊನ್ನೆಗಳ ಸಾಲು 1000 ಹರ್ಟ್ಸ್ ಆಗಿಯೂ ಒಂದುಗಳ ಸಾಲು 2000 ಹರ್ಟ್ಸ್ ಆಗಿಯೂ ಕೇಳಿಸುವುದರಿಂದ, ಸ್ಪೀಕರಿಗೆ ಕೊಟ್ಟರೆ ಕಿವಿ ಕೊರೆಯುವ ಜೀರುಂಡೆಯ ಸದ್ದು ಹೊರಡುತ್ತದೆ. ಮೈಕಿನ ಕೇಬಲ್ಲಿನ ಪಕ್ಕದಲ್ಲೇ ಇದರ ಕೇಬಲ್ ಎಳೆದರೆ ಆ ಜೀರುಂಡೆ ಸಂಭಾಷಣೆಯೊಳಗೂ ನುಸುಳುತ್ತದೆ. ಆದರೆ ಅಲೆ ಎತ್ತ ತಿರುಗಿತು ಎಂಬುದಕ್ಕಿಂತ ಯಾವಾಗ ತಿರುಗಿತು ಎಂಬುದರಲ್ಲೇ ಮಾಹಿತಿ ಇರುವುದರಿಂದ, ಕೇಬಲ್ಲಿನ ಎರಡು ತಂತಿ ಅದಲುಬದಲಾದರೂ ಕೋಡ್ ಕೆಡುವುದಿಲ್ಲ. ಪ್ರತಿ ಫ್ರೇಮಿನ ಕೊನೆಯ 16 ಬಿಟ್‌ಗಳ ವಿನ್ಯಾಸವನ್ನು ಹಿಂದುಮುಂದಾಗಿ ಓದಿದಾಗ ಬೇರೆಯಾಗಿ ಕಾಣುವಂತೆ ಹೊಸೆದಿರುವುದರಿಂದ ಟೇಪು ಹಿಂದಕ್ಕೆ ಓಡುತ್ತಿದೆಯೆಂಬುದೂ ಯಂತ್ರಕ್ಕೆ ಗೊತ್ತಾಗುತ್ತದೆ. ಇಷ್ಟು ಜಾಣತನದ ಕೋಡಿಗೂ ಟೇಪು ನಿಂತಾಗ ಬಾಯಿಲ್ಲ. ಸದ್ದೇ ಇಲ್ಲದಿದ್ದರೆ ಓದುವುದೇನನ್ನು?

ಕನ್ಸೋಲಿನಲ್ಲಿ ಮೊದಲು ಹೊಂದಿಸಬೇಕಾದದ್ದು ಫ್ರೇಮ್ ದರ. ಸಿನಿಮಾಕ್ಕೆ 24, ನಮ್ಮ ದೇಶದ ಟಿವಿಗೆ 25. 24ರ ಕೋಡನ್ನು 25ಕ್ಕೆ ಇಟ್ಟ ಕನ್ಸೋಲ್ ಓದಿದರೆ ಫ್ರೇಮಿನ ಅಂಕಿ 23 ದಾಟಿದ ಕೂಡಲೇ ಮುಂದಿನ ಸೆಕೆಂಡಿಗೆ ಹಾರುತ್ತದೆ. ಇನ್ನೊಂದು ಅಂಕಿಗಾಗಿ ಕಾಯುವ ಕನ್ಸೋಲ್ ಪ್ರತಿ ಸೆಕೆಂಡಿಗೊಮ್ಮೆ ಎಡವುತ್ತದೆ. (24ರಲ್ಲಿ ಚಿತ್ರಿಸಿದ್ದನ್ನು ಹಾಗೆಯೇ 25ರಲ್ಲಿ ಓಡಿಸಿದರೆ 150 ನಿಮಿಷದ ಸಿನಿಮಾ 144 ನಿಮಿಷಕ್ಕೆ ಮುಗಿದು, ಹಾಡುಗಳ ಶ್ರುತಿ ಸುಮಾರು ಮುಕ್ಕಾಲು ಸ್ವರಸ್ಥಾನ ಏರುತ್ತದೆ.) ಅಮೆರಿಕದ 29.97ರ ತಂಟೆ ಬೇರೆ: 30ರಂತೆ ಎಣಿಸಿದರೆ ಗಂಟೆಗೆ 108 ಫ್ರೇಮ್, ಅಂದರೆ 3.6 ಸೆಕೆಂಡು ಹಿಂದೆ ಬೀಳುತ್ತದೆ. ಅದಕ್ಕೇ ಡ್ರಾಪ್ ಫ್ರೇಮ್ ಪದ್ಧತಿಯಲ್ಲಿ ಪ್ರತಿ ಹತ್ತನೆಯ ನಿಮಿಷವನ್ನು ಬಿಟ್ಟು ಉಳಿದ ಪ್ರತಿ ನಿಮಿಷದ ಆರಂಭದಲ್ಲೂ ಎರಡೆರಡು ಅಂಕಿಗಳನ್ನು ಹಾರಿಸುತ್ತಾರೆ. ಬಿಟ್ಟುಹೋಗುವುದು ಅಂಕಿ, ಚಿತ್ರವಲ್ಲ.

ವಿಳಾಸ ಸರಿಯಿದ್ದ ಮಾತ್ರಕ್ಕೆ ನಡಿಗೆ ಸರಿಯಿರುತ್ತದೆಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಎರಡು ಗಂಟೆಯ ನೃತ್ಯ ಕಾರ್ಯಕ್ರಮವೊಂದರ ಚಿತ್ರ ಮತ್ತು ಧ್ವನಿಯನ್ನು ಬೇರೆ ಬೇರೆ ಯಂತ್ರಗಳಲ್ಲಿ ದಾಖಲಿಸಿ, ಟೈಮ್‌ಕೋಡ್ ನೋಡಿ ಆರಂಭವನ್ನು ಫ್ರೇಮಿಗೆ ಫ್ರೇಮ್ ಕೂಡಿಸಿದ್ದೆವು. ಪುಷ್ಪಾಂಜಲಿಯಲ್ಲಿ ಎಲ್ಲವೂ ಸರಿ; ತಿಲ್ಲಾನಕ್ಕೆ ಬರುವಷ್ಟರಲ್ಲಿ ಹೆಜ್ಜೆ ಬಿದ್ದಾದ ಮೇಲೆ ಗೆಜ್ಜೆ ಕೇಳಿಸುತ್ತಿತ್ತು. ಪ್ರತಿ ಡಿಜಿಟಲ್ ಯಂತ್ರವೂ ತನ್ನೊಳಗಿನ ಸ್ಫಟಿಕದ ಲಯಕ್ಕೆ ಧ್ವನಿಯ ಮಾದರಿಗಳನ್ನು, ಅಂದರೆ ಸೆಕೆಂಡಿಗೆ ಸಾವಿರಾರು ಸಲ ತೆಗೆದ ಅಲೆಯ ಅಳತೆಗಳನ್ನು, ಎಣಿಸುತ್ತದೆ. ಎರಡು ಸ್ಫಟಿಕಗಳ ನಡುವೆ ಹತ್ತು ಲಕ್ಷಕ್ಕೆ ಹತ್ತರಷ್ಟೇ ವ್ಯತ್ಯಾಸವಿದ್ದರೂ ಗಂಟೆಗೆ 36 ಮಿಲಿಸೆಕೆಂಡು, ಹೆಚ್ಚುಕಡಿಮೆ ಒಂದು ಫ್ರೇಮ್, ಜಾರುತ್ತದೆ. ಆದ್ದರಿಂದ ಟೈಮ್‌ಕೋಡಿನ ಜೊತೆಗೆ ಈ ಮಾದರಿಗಳ ಲಯ ಹೇಳುವ ವರ್ಡ್ ಕ್ಲಾಕ್ ಎಂಬ ಎರಡನೆಯ ಗಡಿಯಾರವನ್ನು ಒಂದೇ ಮೂಲದಿಂದ ಚಿತ್ರದ ಯಂತ್ರಕ್ಕೂ ಕನ್ಸೋಲಿಗೂ ಕೊಡಬೇಕು. ಆಗ 48 ಕಿಲೊಹರ್ಟ್ಸ್‌ನಲ್ಲಿ 25ರ ಪ್ರತಿ ಫ್ರೇಮಿಗೆ ಸರಿಯಾಗಿ 1920 ಮಾದರಿಗಳು ಬೀಳುತ್ತವೆ, ಗಂಟೆ ಎಷ್ಟೇ ಉರುಳಲಿ.

ಇನ್ನು ಅಪ್ಪಣೆಯ ದಾರಿ. ಕನ್ಸೋಲಿನ ಪ್ಲೇ ಗುಂಡಿ ಒತ್ತಿದರೆ ಚಿತ್ರದ ಯಂತ್ರ ಓಡಬೇಕು. ಇದಕ್ಕೆ ಸೋನಿಯ ಒಂಬತ್ತು ಪಿನ್ನಿನ ಆರ್‌ಎಸ್-422 ಸಂಪರ್ಕ, ಇಲ್ಲವೇ ವಿದ್ಯುನ್ಮಾನ ವಾದ್ಯಗಳ ಮಿಡಿ ಸಂಕೇತದಲ್ಲೇ ಅಪ್ಪಣೆ ಕಳಿಸುವ ಮಿಡಿ ಮೆಷಿನ್ ಕಂಟ್ರೋಲ್ ಬಳಕೆಯಲ್ಲಿವೆ. ಎರಡನೆಯದರಲ್ಲಿ ಎರಡೂ ಕಡೆಯ ಡಿವೈಸ್ ಸಂಖ್ಯೆ ಹೊಂದದಿದ್ದರೆ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಅಪ್ಪಣೆ ಕೊಡುವುದು ಕನ್ಸೋಲ್, ಆದರೆ ಟೈಮ್‌ಕೋಡಿನ ವಿಷಯದಲ್ಲಿ ಅದೇ ಹಿಂಬಾಲಕ: ಅಪ್ಪಣೆ ಹೋಗುತ್ತದೆ, ಚಿತ್ರ ಓಡುತ್ತದೆ, ಕೋಡ್ ಮರಳಿ ಬರುತ್ತದೆ, ಅದನ್ನು ಹಿಡಿದ ಮೇಲಷ್ಟೇ ಫೇಡರ್ ಅಲುಗುತ್ತದೆ. ಈ ಹಿಡಿತ ಸಿಗುವುದಕ್ಕೆ ಬೇಕಾದ ಕೆಲವು ಸೆಕೆಂಡುಗಳ ಹಿಂದಿನಿಂದ ಓಡಿಸುವುದೇ ಪ್ರೀ-ರೋಲ್. ಕಾರ್ಯಕ್ರಮ ಸೊನ್ನೆಯಿಂದ ಶುರುವಾದರೆ ಅದರ ಹಿಂದಿನದು 23:59 ಆಗಿ ಯಂತ್ರಕ್ಕೆ ದಿಕ್ಕು ತಪ್ಪುತ್ತದೆಂದೇ ಹಲವರು 01:00:00:00ರಿಂದ ಆರಂಭಿಸುತ್ತಾರೆ. ಕೋಡ್ ನಡುವೆ ಕಡಿದರೂ ಕೆಲವು ಫ್ರೇಮ್ ಅಂದಾಜಿನಲ್ಲಿ ಮುಂದುವರಿಯುವ ಫ್ರೀವೀಲ್ ಸೌಲಭ್ಯವನ್ನು ಧಾರಾಳವಾಗಿ ಇಟ್ಟುಬಿಟ್ಟರೆ, ಚಿತ್ರ ನಿಂತ ಮೇಲೂ ಫೇಡರುಗಳು ತಮ್ಮ ಪಾಡಿಗೆ ಸಾಗುತ್ತಿರುತ್ತವೆ.

ಎಲ್ಲ ಕೂಡಿತೆಂದು ಅನಿಸಿದಾಗ ರೀಲಿನ ಎರಡೂ ತುದಿಯ ಪಾಪ್ ಸದ್ದನ್ನು, ಅಂದರೆ ಚಿತ್ರಕ್ಕೆ ಎರಡು ಸೆಕೆಂಡು ಮೊದಲೂ ಮುಗಿದ ಎರಡು ಸೆಕೆಂಡಿಗೂ ಕೇಳುವ ಒಂದು ಫ್ರೇಮಿನ ಬೀಪನ್ನು, ನೋಡಿ ಕೇಳುವುದು ವಾಡಿಕೆ. ಎರಡೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಆಫ್‌ಸೆಟ್, ಅಂದರೆ ಚಿತ್ರ ಮತ್ತು ಧ್ವನಿಯ ನಡುವಿನ ಸ್ಥಿರ ಅಂತರ, ತಿದ್ದಿದರಾಯಿತು. ಮೊದಲನೆಯದು ಕೂಡಿ ಕೊನೆಯದು ಮಾತ್ರ ತಪ್ಪಿದ್ದರೆ ಟೈಮ್‌ಕೋಡಿನ ಪುಟವನ್ನು ಮುಚ್ಚಿ, ವರ್ಡ್ ಕ್ಲಾಕಿನ ಕೇಬಲ್ ಎಲ್ಲಿ ಬಿಚ್ಚಿದೆಯೆಂದು ಕನ್ಸೋಲಿನ ಹಿಂದೆ ಬಗ್ಗಿ ನೋಡಬೇಕು.